ನಲವತ್ತು ದಿನ ಒರೆಸದ ಕಡ್ಡಿ

ಆ ಪ್ರಯೋಗಾಲಯದಲ್ಲಿ ಅವಳಿಗೆ ಬೀಗ ಹಾಕುವಂಥ ಒಂದು ಕಪಾಟು ಇರಲಿಲ್ಲ.

ಹಾಗಾಗಿ ಅವಳ ಇಂಗಾಲದ ಎಲೆಕ್ಟ್ರೋಡು, ಪೆನ್ಸಿಲಿನಂಥ ಒಂದು ಕಡ್ಡಿ, ಮೇಜಿನ ಮೇಲೆ, ಗಾಜಿನ ಪಾತ್ರೆಯ ಉಪ್ಪುನೀರಿನಲ್ಲಿ, ಎಲ್ಲರ ಕೈಗೆ ಸಿಗುವಂತೆ ನಿಂತಿರುತ್ತಿತ್ತು. ನಲವತ್ತು ದಿನ ಅದನ್ನು ಒರೆಸದೆ, ಉಜ್ಜದೆ ಬಿಡಬೇಕು. ದಿನಾ ಬೆಳಿಗ್ಗೆ ಐದು ವೇಗದಲ್ಲಿ ವೋಲ್ಟೇಜು ಏರಿಸಿ ಇಳಿಸಿ, ಅದರ ಮೈಯ ಪಕ್ಕ ಸಾಲುಗಟ್ಟುವ ಅಯಾನುಗಳು ಎಷ್ಟು ವಿದ್ಯುತ್ತು ಹಿಡಿದಿಡುತ್ತವೆಂದು ಅಳೆಯಬೇಕು. ಮೈ ಹಳತಾದಂತೆ ಆ ಅಂಕಿ ನಿಧಾನವಾಗಿ ಇಳಿಯಬೇಕು. ಅದೇ ಅವಳ ಪ್ರಬಂಧ. ಶುಕ್ರವಾರ ಒಪ್ಪಿಸದಿದ್ದರೆ ಒಂದು ವರ್ಷ ಹೋದಂತೆ.

“ಒಂದು ಕಡ್ಡೀನ ನಲವತ್ತು ದಿನ ದಿಟ್ಟಿಸ್ತೀಯ. ಯಾವ ಹುಡುಗನ ಮುಖಾನೂ ನಾಲ್ಕು ನಿಮಿಷ ನೋಡಿಲ್ವಲ್ಲೇ!” ಎಂದು ಅಕ್ಕ ಫೋನಿನಲ್ಲಿ ನಕ್ಕಿದ್ದಳು.

ನಲವತ್ತನೇ ಬೆಳಿಗ್ಗೆ ಅಂಕಿ ಹದಿನೆಂಟರಿಂದ ಮೂವತ್ತೊಂದಕ್ಕೆ ಹಾರಿತು. ಹೀಗೆ ಹಾರಿದ್ದು ಮೂರನೇ ಸಲ! ತಂತಿ ಬದಲಿಸಿಯಾಗಿತ್ತು, ಯಂತ್ರ ಬಿಚ್ಚಿ ನೋಡಿಯಾಗಿತ್ತು... ಅವಳು ಕಾರಿಡಾರಿಗೆ ಹೋಗಿ ಗೋಡೆಗೆ ಹಣೆ ಒತ್ತಿ ನಿಂತಳು.

ಮರಳಿ ಬಂದಾಗ ಗಾಜಿನವನು ಅವಳ ಎಲೆಕ್ಟ್ರೋಡು ಹಿಡಿದು, ಬಿಳಿ ಪುಡಿ ಉದುರಿಸಿದ ಬಟ್ಟೆಯ ಮೇಲೆ ಉಜ್ಜುತ್ತಿದ್ದ.

ಗಾಜಿನವನೆಂದರೆ ಕೆಳಗಿನ ವರ್ಕ್‌ಶಾಪಿನಲ್ಲಿ ಗಾಜು ಊದಿ ಪಾತ್ರೆ ಮಾಡಿಕೊಡುವವನು. ಎರಡು ತಿಂಗಳಲ್ಲಿ ಅವರಿಬ್ಬರ ನಡುವೆ ನಡೆದ ಮಾತೆಲ್ಲ ಜಗಳವೇ. ಆದರೂ ವರ್ಕ್‌ಶಾಪಿಗೆ ಅವಳು ಬೇರೆ ಯಾರನ್ನೂ ಕಳಿಸದೆ ತಾನೇ ಇಳಿದು ಹೋಗುತ್ತಿದ್ದಳು.

“ಕೈ ತೆಗಿ!”

ಅವನು ಬೆಚ್ಚಿದ. “ಕಲೆ ಇತ್ತು. ಉಜ್ಜಿದೆ.”

“ಎಷ್ಟು ಸಲ ಉಜ್ಜಿದೀಯ?”

“ಇದು ನಾಲ್ಕನೇದು.”

ಅವಳು ಕಡ್ಡಿ ಕಸಿದು ಬೆಳಕಿಗೆ ಹಿಡಿದಳು. ಒರಟು ಪುಡಿ... ಮೈತುಂಬ ಗೀರು... ಗೀರಿದಷ್ಟೂ ಮೇಲ್ಮೈ ಹೆಚ್ಚು, ಮೇಲ್ಮೈ ಹೆಚ್ಚಿದಷ್ಟೂ ಅಂಕಿ ಹೆಚ್ಚು!

“ಯಾರು ಹೇಳಿದ್ರು ನಿಂಗೆ ಇದನ್ನ ಮುಟ್ಟೋಕೆ?”

“ನೀವೇ! ನಾನು ಕೊಟ್ಟ ಪಾತ್ರೇಲಿ ಬೆರಳಚ್ಚಿದೆ ಅಂತ ಮೊದಲನೇ ದಿನ ಎಲ್ಲರ ಮುಂದೆ ಕೂಗಾಡಿದ್ರಲ್ಲ? ‘ಕೊಳೆ ಕಂಡ್ರೆ ನಂಗಾಗಲ್ಲ’ ಅಂತ!”

ಅವಳು ಆ ಪಾತ್ರೆಯನ್ನೇ ಎತ್ತಿ ನೆಲಕ್ಕೆ ಅಪ್ಪಳಿಸಿದಳು.

ಅವನು ಚೂರುಗಳನ್ನು ನೋಡಿದ. “ಅದನ್ನ ಮಾಡೋಕೆ ಮೂರು ದಿನ ಹಿಡಿದಿತ್ತು.”

“ನಂದಕ್ಕೆ ನಲವತ್ತು ಹಿಡಿದಿತ್ತು ಕಣೋ, ಪಾಪಿ! ಹೋಗು ಇಲ್ಲಿಂದ!”

ಚೂರು ಬಳಿದು, ಮುಖ ತೊಳೆದು, ಇವನನ್ನು ಕೆಲಸದಿಂದ ಓಡಿಸದೆ ಬಿಡುವುದಿಲ್ಲವೆಂದು ಅವಳು ಪ್ರೊಫೆಸರ್ ಕೋಣೆಗೆ ಹೋದಳು. ಒಳಗೆ ಆಗಲೇ ಅವನ ದನಿ ಕೇಳುತ್ತಿತ್ತು.

“ತಪ್ಪು ನಂದು ಸರ್. ಕೆಲಸ ಬಿಡು ಅಂದ್ರೆ ಬಿಡ್ತೀನಿ. ಮೇಡಂಗೆ ಸಮಯ ಕೊಡಿ.”

“ನೀನು ಬಿಟ್ರೆ ಪಾತ್ರೆ ನಾನು ಊದ್ಲಾ? ನಿನ್ನ ಕೆಲಸಕ್ಕೇನೂ ಆಗಲ್ಲ. ಆದ್ರೆ ಶುಕ್ರವಾರ ಮುಂದಕ್ಕೆ ಹೋಗಲ್ಲಪ್ಪ. ಅವಳು ಮುಂದಿನ ವರ್ಷ ಒಪ್ಪಿಸ್ಲಿ.”

ಹೊರಬಂದವನು ಅವಳನ್ನು ಕಂಡು ನಿಂತ.

“ಮೊದಲ ಸಲ ಉಜ್ಜಿದ್ದು ನಿಮ್ಮ ಹನ್ನೊಂದನೇ ದಿನ, ಮಧ್ಯಾಹ್ನ. ಅಲ್ಲೀವರೆಗಿನ ಅಳತೆ ಸರಿ ಇರುತ್ತೆ. ಇಟ್ಕೊಳ್ಳಿ.”

“ಅಷ್ಟು ಕರಾರುವಾಕ್ಕಾಗಿ ಹೇಗೆ ಗೊತ್ತು?”

“ಅವತ್ತು ಸರ್ ನಿಮ್ಮನ್ನ ಬೈದಿದ್ರು. ಆ ಗೋಡೆಗೆ ಹಣೆ ಒತ್ತಿ ನಿಂತಿದ್ರಿ.” ಅವನು ನೆಲ ನೋಡಿದ. “ನಾಲ್ಕು ಸಲಾನೂ ನೀವು ಹಾಗೆ ನಿಂತಿದ್ದಾಗಲೇ ಉಜ್ಜಿದ್ದು. ವಾಪಸ್ ಬಂದಾಗ ಅದಾದ್ರೂ ಚೆನ್ನಾಗಿ ಕಾಣ್ಲಿ ಅಂತ...”

ಇವನು ನನ್ನನ್ನು ನೋಡುತ್ತಿದ್ದನೇ? ಅಷ್ಟು ದಿನದಿಂದ? ಕೋಪ ಇಳಿದಿರಲಿಲ್ಲ. ಆದರೂ ಕಣ್ಣು ತುಂಬಿತು.

“ಇಷ್ಟ ಇದ್ರೆ ಬಾಯಲ್ಲಿ ಹೇಳ್ಬೇಕು. ಉಜ್ಜಿ ಅಲ್ಲ!”

“ಹೇಳಿದ್ರೆ ಬೈತಿದ್ರಿ.”

“ಈಗೇನು ಮುದ್ದಾಡಿದ್ನಾ?”

ಅವನಿಗೆ ನಗು ತಡೆಯಲಾಗಲಿಲ್ಲ. ಅವಳು ನಗಲಿಲ್ಲ. ಆದರೆ ಬೆಂಕಿಯಿಂದ ಸುಟ್ಟ ಕಲೆಗಳಿದ್ದ ಅವನ ಕೈಯನ್ನು ಹಿಡಿದುಕೊಂಡಳು.

“ಹೊಸ ಪಾತ್ರೆ ಬೇಕು.”

“ಮೂರು ದಿನ ಹಿಡಿಯುತ್ತೆ.”

“ಕಾಯ್ತೀನಿ. ಈಗ ಹೇಳು.”

“ಇಷ್ಟ,” ಎಂದ ಅವನು, ಮೆಲ್ಲಗೆ. “ತುಂಬಾ.”

“ಹ್ಞೂಂ... ನಂಗೂ. ಇನ್ಮೇಲೆ ಕಡ್ಡಿ ಮುಟ್ಟಿದ್ರೆ ಮಾತ್ರ ಕೈ ಮುರೀತೀನಿ.”

ಹೋದದ್ದು ಇಪ್ಪತ್ತೊಂಬತ್ತು ದಿನ, ನೂರ ನಲವತ್ತೈದು ಅಳತೆ, ಒಂದು ಗಾಜಿನ ಪಾತ್ರೆ, ಒಂದು ವರ್ಷ.