ಸುಳ್ಳು ಹೇಳದ ಸಖಿ

2025ರ ಜುಲೈ 8, ಮಂಗಳವಾರ, ಮಧ್ಯಾಹ್ನ 3.10. ಚಾಮರಾಜಪೇಟೆಯಲ್ಲಿ ಹಿರಿಯರ ಹಗಲು ಆರೈಕೆ ಕೇಂದ್ರ ನಡೆಸುವ ವಸಿಷ್ಠ ಠಾಣೆಗೆ ಬಂದು ದೂರು ಕೊಟ್ಟರು. ಹಿರಿಯರ ಜೊತೆ ಮಾತಾಡಲೆಂದು ತಂದಿಟ್ಟಿದ್ದ ‘ಸಖಿ’ ಎಂಬ ರೋಬೋ ಕಾಣೆಯಾಗಿತ್ತು. ಸೊಂಟದೆತ್ತರದ, ಚಕ್ರದ ಮೇಲೆ ಓಡಾಡುವ ಯಂತ್ರ. ಇನ್‌ಸ್ಪೆಕ್ಟರ್ ಯಮುನಾ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೆಬಲ್ ಬೈರಯ್ಯನವರ ಜೊತೆ ಹೊರಟರು.

ಕೇಂದ್ರದ ಬೀಗ ಮುರಿದಿರಲಿಲ್ಲ. ಪಂಚರನ್ನು ಕರೆಸಿ ಪಂಚನಾಮೆ ಬರೆಸುತ್ತಿದ್ದಾಗ, ಕಿಟಕಿಯ ಬಳಿ ಕೂತಿದ್ದ ವೃದ್ಧೆಯನ್ನು ಕಂಡು ಯಮುನಾ ನಿಂತುಬಿಟ್ಟರು.

ಬಸವಮ್ಮ ಟೀಚರ್! ಮೂವತ್ತು ವರ್ಷದ ಹಿಂದೆ ಇದೇ ಪೇಟೆಯ ಶಾಲೆಯಲ್ಲಿ ಯಮುನಾಗೆ ವ್ಯಾಕರಣ ಕಲಿಸಿದವರು. ಸಂಜೆ ನಾಲ್ಕೂವರೆಗೆ ಅವರ ಯಜಮಾನರು ಸಿದ್ದಬಸಪ್ಪ ಸೈಕಲ್ ಹಿಡಿದು ಗೇಟಿನ ಬಳಿ ನಿಂತಿರುತ್ತಿದ್ದರು. ಟೀಚರ್ ಹಿಂದೆ ಹತ್ತಿ ಕೂತರೆ ಹುಡುಗಿಯರೆಲ್ಲ ಬಾಯಿಗೆ ಕೈ ಅಡ್ಡವಿಟ್ಟು ನಗುತ್ತಿದ್ದರು. ರಸ್ತೆ ಎಷ್ಟು ಖಾಲಿಯಿತ್ತೆಂದರೆ, ಮಕ್ಕಳ ಕೂಟದ ಪಾರ್ಕಿನ ತಿರುವಿನವರೆಗೂ ಆ ಸೈಕಲ್ ಕಾಣುತ್ತಿತ್ತು.

ಟೀಚರ್‌ಗೆ ಶಿಷ್ಯೆಯ ಗುರುತು ಸಿಗಲಿಲ್ಲ. “ನಮ್ಮ ಯಜಮಾನ್ರು ಎಲ್ಲಮ್ಮಾ? ಹೊತ್ತಾಯ್ತಲ್ಲ,” ಎಂದರು.

ಯಮುನಾ ವಸಿಷ್ಠರ ಕಡೆ ತಿರುಗಿದರು.

“ತೀರ್ಕೊಂಡು ಆರು ವರ್ಷ ಆಯ್ತು ಮೇಡಂ. ಇವರಿಗೆ ಮರೆವಿನ ಕಾಯಿಲೆ,” ವಸಿಷ್ಠ ಪಿಸುಗುಟ್ಟಿದರು.

“ಸಖಿಯನ್ನೂ ಹೀಗೇ ಕೇಳ್ತಿದ್ರಾ?”

“ಹೌದು. ಎಲ್ಲಾ ಕಂಪ್ಯೂಟರ್‌ನಲ್ಲಿ ದಾಖಲಾಗಿರುತ್ತೆ.”

ಯಮುನಾ ಅದನ್ನು ತೆರೆಸಿ ಓದಿದರು. ಹಿಂದಿನ ದಿನ ಟೀಚರ್ ಹನ್ನೊಂದು ಸಲ ಕೇಳಿದ್ದರು. ಹನ್ನೊಂದು ಸಲವೂ ಸಖಿಯದು ಒಂದೇ ಉತ್ತರ: “ಸಿದ್ದಬಸಪ್ಪನವರು ತೀರಿಕೊಂಡಿದ್ದಾರೆ. ನಿಮ್ಮ ದುಃಖ ನನಗೆ ಅರ್ಥವಾಗುತ್ತದೆ.” ಪ್ರತಿ ಸಲವೂ ಟೀಚರ್ ಆಗಷ್ಟೇ ಸುದ್ದಿ ಕೇಳಿದವರಂತೆ ಅತ್ತಿದ್ದರು.

“ಇದನ್ನ ನಿಲ್ಲಿಸೋಕೆ ಆಗ್ಲಿಲ್ವಾ?”

“ಯಂತ್ರ ಮನುಷ್ಯರಿಗೆ ಸುಳ್ಳು ಹೇಳಬಾರದು ಅಂತ ಕಂಪನಿ ನಿಯಮ ಮೇಡಂ. ನಿಯಮ ಸರಿಯಾಗೇ ಇದೆಯಲ್ಲ?”

“ಯಾರೂ ಬೇಡ ಅನ್ಲಿಲ್ವಾ?”

“ಆಯಾ ಮುನಿಯಕ್ಕ ಮೂರು ಸಲ ಬಂದು ಹೇಳಿದ್ರು. ಇವತ್ತು ತಲೆನೋವು ಅಂತ ಬೇಗ ಮನೆಗೆ ಹೋದ್ರು.”

ಎದುರಿನ ಅಂಗಡಿಯ ಕ್ಯಾಮೆರಾದಲ್ಲಿ, 2.05ಕ್ಕೆ ಮುನಿಯಕ್ಕ ಸೀರೆ ಹೊದಿಸಿದ ಏನನ್ನೋ ಆಟೋಗೆ ಹತ್ತಿಸುವುದು ಕಂಡಿತು. ಬೈರಯ್ಯ ಆಟೋ ನಂಬರ್ ಹಿಡಿದು ಚಾಲಕನನ್ನು ಪತ್ತೆ ಮಾಡಿದರು. 5.40ಕ್ಕೆ ಜೀಪು ಕಲಾಸಿಪಾಳ್ಯದ ಒಂದು ಓಣಿಯಲ್ಲಿ ನಿಂತಿತು.

ಒಂಟಿ ಕೋಣೆಯ ಮನೆ. ಮುನಿಯಕ್ಕನೇ ಬಾಗಿಲು ತೆರೆದರು. ಮೂಲೆಯಲ್ಲಿ ಸಖಿ.

“ನಿನ್ನನ್ನ ಇಲ್ಲಿಗೆ ಯಾರು ತಂದ್ರು?” ಬೈರಯ್ಯ ಸಖಿಯನ್ನೇ ಕೇಳಿದರು.

“ಮುನಿಯಕ್ಕ,” ಎಂದಿತು ಯಂತ್ರ.

“ಹೇಳ್ಬೇಡ ಅಂತ ಬೇಡ್ಕೊಂಡಿದ್ದೆ,” ಎಂದರು ಮುನಿಯಕ್ಕ.

“ಮಾರೋಕೆ ತಂದ್ರಾ?” ಯಮುನಾ ಕೇಳಿದರು.

“ಅಯ್ಯೋ, ಮಾರಿದ್ರೆ ಇನ್ಯಾರ ಮುಂದೋ ಹೋಗಿ ಇದನ್ನೇ ಹೇಳ್ತಿತ್ತಲ್ಲ ಮೇಡಂ. ಒಡೆಯೋಕೂ ಮನಸ್ಸು ಬರ್ಲಿಲ್ಲ.”

“ಟೀಚರ್ ಕೇಳ್ದಾಗ ನೀವೇನಂತಿದ್ರಿ? ಬರ್ತಾರೆ ಅಂತಿದ್ರಾ?”

“ಸುಳ್ಳು ನಾನೂ ಹೇಳ್ತಿರ್ಲಿಲ್ಲ. ಯಜಮಾನ್ರಿಗೆ ಯಾವ ಸಾರು ಇಷ್ಟ ಅಂತ ಕೇಳ್ತಿದ್ದೆ. ಮದ್ವೆಯಾದ ಹೊಸದ್ರಲ್ಲಿ ಉಪ್ಪು ಜಾಸ್ತಿ ಹಾಕಿದ್ದು, ಅವ್ರು ತೆಪ್ಪಗೆ ಉಂಡು ಎದ್ದಿದ್ದು, ಎಲ್ಲಾ ಹೇಳೋರು. ಹೇಳ್ತಾ ಹೇಳ್ತಾ ನಗೋರು.”

ಯಂತ್ರವನ್ನು ವಶಕ್ಕೆ ಪಡೆದು, ಹೊತ್ತು ಮುಳುಗುವ ಮುನ್ನ, 6.25ಕ್ಕೆ ಯಮುನಾ ಮುನಿಯಕ್ಕನನ್ನು ಬಂಧಿಸಿದರು. ಠಾಣೆಯ ಬೆಂಚಿನ ಮೇಲೆ ಕೂತ ಮುನಿಯಕ್ಕ ಕೇಳಿದ್ದು ಒಂದೇ ಮಾತು: “ನಾಳೆ ಟೀಚರ್ ಪಕ್ಕ ಯಾರು ಕೂರ್ತಾರೆ?”

ವರದಿ ಬರೆಯುತ್ತಿದ್ದ ಕಾನ್‌ಸ್ಟೆಬಲ್ ಪೂಜಿತಾ ತಲೆಯೆತ್ತಿದರು. “ಕೃತ್ಯದ ಕಾರಣ ಏನಂತ ಬರೀಲಿ ಮೇಡಂ?”

ಯಮುನಾ ನಿಧಾನವಾಗಿ ಹೇಳಿದರು: “ಒಬ್ಬ ಹೆಂಗಸಿಗೆ ಗಂಡ ಸತ್ತ ಸುದ್ದಿಯನ್ನು ದಿನವೂ ಮತ್ತೆ ಮತ್ತೆ ಹೇಳುವುದನ್ನು ನೋಡಲಾಗದೆ ಆರೋಪಿತೆಯು ಈ ಕೃತ್ಯ ಎಸಗಿರುತ್ತಾರೆ.”

“ಹೀಗೇ ಬರೀಲಾ?”

“ಹೀಗೇ ಬರಿ.”