ಒಣಗದ ಕಾಲುಚೀಲ

ಕರಡಿ ಇನ್ನೂ ಮೆಟ್ಟಿಲ ಮೇಲೆಯೇ ಇತ್ತು.

ಗುರುವಾರ ಬೆಳಗ್ಗೆ ಒಂಬತ್ತು ಗಂಟೆ. ಇಷ್ಟು ಹೊತ್ತಿಗೆ ಅದು ಮಹಡಿ ಹತ್ತಿ, ಕಳೆದುಹೋದ ಟೋಪಿ ಹುಡುಕಿ, ಒಂದು ಸುತ್ತು ಕುಣಿದು, ಚಿತ್ರ ಮುಗಿಸಿರಬೇಕಿತ್ತು. ಆದರೆ ಪರದೆಯ ಮೇಲೆ ಒಂದು ಕಾಲು ಎತ್ತಿಕೊಂಡು ಆರನೇ ಮೆಟ್ಟಿಲಲ್ಲಿ ನಿಂತಿತ್ತು. ಕೆಳಗೆ ಸಣ್ಣ ಅಕ್ಷರಗಳಲ್ಲಿ ಬರೆದಿತ್ತು: ನೂರಕ್ಕೆ ಮೂವತ್ತೊಂದು ಭಾಗ ಮುಗಿದಿದೆ.

ಅದು ಬಟ್ಟೆಗೊಂಬೆಗಳ ಚಿತ್ರ ತಯಾರಿಸುವ ಪುಟ್ಟ ಸ್ಟುಡಿಯೋ. ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಫೋಟೋ, ಮತ್ತೆ ಸರಿಸಿ ಇನ್ನೊಂದು. ಹೀಗೆ ಸಾವಿರಾರು. ಆ ಫೋಟೋಗಳಲ್ಲಿ ಗೊಂಬೆಯನ್ನು ಹಿಡಿದಿಟ್ಟ ತಂತಿಗಳನ್ನು ಅಳಿಸಿ, ಬಣ್ಣ ತಿದ್ದಿ, ಜೋಡಿಸಿ ಚಿತ್ರ ಮಾಡುವುದು ಮೂಲೆಯಲ್ಲಿದ್ದ ದೊಡ್ಡ ಕಂಪ್ಯೂಟರಿನ ಕೆಲಸ. ಅದನ್ನು ಎಲ್ಲರೂ ‘ಆನೆ’ ಎಂದೇ ಕರೆಯುತ್ತಿದ್ದರು. ಹನ್ನೆರಡು ನಿಮಿಷದ ಈ ಚಿತ್ರಕ್ಕೆ ಆನೆಗೆ ಹತ್ತು ಗಂಟೆ ಸಾಕು. ನಿನ್ನೆ ಸಂಜೆ ಐದಕ್ಕೆ ಹಚ್ಚಿ ಮನೆಗೆ ಹೋಗಿದ್ದರು. ಹದಿನಾರು ಗಂಟೆ ಕಳೆದರೂ ಮೂರನೇ ಒಂದು ಭಾಗವೂ ಆಗಿರಲಿಲ್ಲ.

ಇಂದು ಸಂಜೆ ಆರಕ್ಕೆ ಚಿತ್ರ ಮಕ್ಕಳ ಗ್ರಂಥಾಲಯಕ್ಕೆ ಹೋಗಬೇಕು. ಆರೂವರೆಗೆ ಪ್ರದರ್ಶನ. ಇನ್ನೂರು ಮಕ್ಕಳು ಬರುತ್ತಾರೆ.

ಯಜಮಾನರು ಕೂಗಾಡುವ ಜಾತಿಯವರಲ್ಲ. ಸಿಟ್ಟು ಬಂದಷ್ಟೂ ಅವರ ದನಿ ಇಳಿಯುತ್ತದೆ. ಈಗ ಪಿಸುಮಾತಿಗೆ ಇಳಿದಿತ್ತು.

“ಆನೆ ಬೀಗದ ಕೈ, ಅದೇ ಪಾಸ್‌ವರ್ಡು, ಇರೋದು ನನ್ನ ಬಿಟ್ರೆ ನಿನ್ನೊಬ್ಬಳ ಹತ್ರ. ಸೋಮವಾರದಿಂದ ಹೀಗೇ ಆಗ್ತಿದೆ. ಯಾರೋ ಒಳಗೆ ಕೈಯಾಡಿಸಿರಬೇಕು. ನೀನಲ್ಲದೆ ಇನ್ಯಾರಮ್ಮ? ಆರಕ್ಕೆ ಚಿತ್ರ ಹೋಗಲಿಲ್ಲ ಅಂದ್ರೆ ನಾಳೆಯಿಂದ ಬರೋದು ಬೇಡ.”

ಈ ಮಾತು ಕೇಳಿಸಿಕೊಂಡವಳು ಗುಬ್ಬಿ. ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಹುಡುಗಿ. ಕೆಲಸಕ್ಕೆ ಸೇರಿ ನಾಲ್ಕು ತಿಂಗಳು. ಮೈ ಚಿಕ್ಕದು, ನಡಿಗೆ ಚುರುಕು. ಈಗ ಮಾತ್ರ ಕದಲದೆ ನಿಂತಿದ್ದಳು.

ಕಿಟಕಿಯ ಪಕ್ಕ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಚಿಕ್ಕಮ್ಮ ದಾರವನ್ನು ಹಲ್ಲಿನಿಂದ ಕಡಿದು ತಲೆ ಎತ್ತಿದಳು. ಗುಬ್ಬಿಯ ತಾಯಿಯ ತಂಗಿ ಅವಳು. ಗುಬ್ಬಿಗೆ ಚಿಕ್ಕಮ್ಮ ಆದದ್ದರಿಂದ ಇಡೀ ಸ್ಟುಡಿಯೋಗೂ ಚಿಕ್ಕಮ್ಮ. ಗೊಂಬೆಗಳ ಅಂಗಿ, ಟೋಪಿ, ಬೆರಳಿನಷ್ಟು ಉದ್ದದ ಕಾಲುಚೀಲ, ಎಲ್ಲ ಅವಳ ಕೈಯದ್ದೇ. ಮಾತು ಕಡಿಮೆ. ಕಣ್ಣು ಮಾತ್ರ ಸದಾ ಕೆಲಸದಲ್ಲಿರುತ್ತಿತ್ತು.

* * *

ಗುಬ್ಬಿ ಆನೆಯನ್ನು ಆರಿಸಿ ಮತ್ತೆ ಹಚ್ಚಿದಳು. ಅದು ಎದ್ದು ಓಡತೊಡಗಿತು. ಕರಡಿ ದಡದಡನೆ ಮೆಟ್ಟಿಲು ಹತ್ತಿತು. ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಮತ್ತೆ ತೆವಳಲು ಶುರುವಾಯಿತು.

“ದಿನಾ ಇದೇ ಕಥೆ ಚಿಕ್ಕಮ್ಮ. ಬೆಳಗ್ಗೆ ಕುದುರೆ, ಆಮೇಲೆ ಬಸವನಹುಳ.”

ಏನಾಗಿರಬಹುದೆಂದು ಚಿಕ್ಕಮ್ಮ ಕೇಳಿದಳು. ಗುಬ್ಬಿ ತಿಳಿಯುವ ಹಾಗೆ ಹೇಳಿದಳು. ಕಂಪ್ಯೂಟರಿನ ಮಿದುಳು ಪ್ರೊಸೆಸರ್. ಅದು ಯಾವಾಗಲೂ ಒಂದೇ ವೇಗದಲ್ಲಿ ಓಡುವುದಿಲ್ಲ. ಎಷ್ಟು ಓಡಬೇಕೆಂದು ಹೇಳುವುದು ಕರ್ನಲ್, ಅಂದರೆ ಎಲ್ಲಕ್ಕೂ ಕೆಳಗೆ ಕೂತು ಕಂಪ್ಯೂಟರನ್ನು ನಡೆಸುವ ಮೂಲ ಪ್ರೋಗ್ರಾಮು. ಕರ್ನಲ್‌ಗೆ ಗವರ್ನರ್ ಎಂಬ ಒಂದು ನಿಯಮ ಕೊಟ್ಟಿರುತ್ತಾರೆ. ‘ಪವರ್‌ಸೇವ್’ ಅಂದರೆ ಮೆಲ್ಲಗೆ ನಡೆ. ‘ಪರ್ಫಾರ್ಮೆನ್ಸ್’ ಅಂದರೆ ಪೂರ್ತಿ ಓಡು. ಆನೆಗೆ ಅವಳು ಪೂರ್ತಿ ಓಡು ಎಂದೇ ಇಟ್ಟಿದ್ದಳು. ಈಗಲೂ ಹಾಗೇ ಇತ್ತು. ದಿನಕ್ಕೆ ಹತ್ತು ಸಲ ತೆಗೆದು ನೋಡುತ್ತಿದ್ದಳು. ಆದರೂ ನಾಲ್ಕು ಸಾವಿರದ ಇನ್ನೂರು ಮೆಗಾಹರ್ಟ್ಸ್ ಇರಬೇಕಾದ ವೇಗ ಎಂಟುನೂರಕ್ಕೆ ಬಂದು ಕೂತಿತ್ತು.

ತುಂಬಾ ಬಿಸಿಯಾದರೆ ಪ್ರೊಸೆಸರ್ ತಾನೇ ನಿಧಾನವಾಗುತ್ತದಂತೆ. ಅದೇ ಇರಬೇಕೆಂದು ಗುಬ್ಬಿ ನಿನ್ನೆ ಆನೆಯ ಹೊಟ್ಟೆ ಬಿಚ್ಚಿ, ಫ್ಯಾನಿನ ಧೂಳನ್ನೆಲ್ಲ ಕುಂಚದಿಂದ ಗುಡಿಸಿದ್ದಳು. ಏನೂ ಉಪಯೋಗವಾಗಿರಲಿಲ್ಲ. ಇನ್ನೊಂದು ಸಲ ಬಿಚ್ಚೋಣ ಎಂದು ಸ್ಕ್ರೂಡ್ರೈವರ್ ತೆಗೆದುಕೊಂಡಳು.

ಚಿಕ್ಕಮ್ಮ ಎದ್ದು ಆನೆಯ ಬೆನ್ನ ಹಿಂದೆ ಹೋದಳು. ಅಲ್ಲಿ ಒಂದು ದಾರ ಕಟ್ಟಿದ್ದಳು. ಬಣ್ಣ ಹಾಕಿದ ಗೊಂಬೆಬಟ್ಟೆಗಳನ್ನು ಅದರ ಮೇಲೆ ಹರವುವುದು ಅವಳ ರೂಢಿ. ಆನೆ ಉಗುಳುವ ಬಿಸಿಗಾಳಿಗೆ ಮೂರ್ನಾಲ್ಕು ಗಂಟೆಯಲ್ಲಿ ಗರಿಗರಿಯಾಗುತ್ತಿದ್ದವು. ಅವಳು ಕೆಂಪು ಕಾಲುಚೀಲವೊಂದನ್ನು ತಂದು ಗುಬ್ಬಿಯ ಅಂಗೈ ಮೇಲಿಟ್ಟಳು.

ಒದ್ದೆಯಾಗಿತ್ತು.

“ನಿನ್ನೆ ಸಂಜೆ ಹಾಕಿದ್ದು,” ಅಂದಳು. “ಸೋಮವಾರದಿಂದ ಒಂದೂ ಸರಿಯಾಗಿ ಒಣಗಿಲ್ಲ. ಆನೆಗೆ ಜ್ವರ ಬಂದಿದ್ರೆ ಕಾಲುಚೀಲ ಯಾಕೆ ಒಣಗಲಿಲ್ಲ?”

ಗುಬ್ಬಿ ಸ್ಕ್ರೂಡ್ರೈವರ್ ಕೆಳಗಿಟ್ಟಳು. ಬಿಸಿಯಾಗಿ ನಿಧಾನವಾಗಿದ್ದಲ್ಲ. ನಿಧಾನವಾದದ್ದರಿಂದ ತಣ್ಣಗಿದೆ. ಬಿಸಿಯಾಗದೆಯೇ ನಿಧಾನವಾಗಿದೆ ಅಂದರೆ ಯಾರೋ ತಡೆದಿದ್ದಾರೆ.

* * *

ಹಾಗಾದರೆ ಕ್ಯಾಮೆರಾದವನೇ ಎಂದಳು ಗುಬ್ಬಿ. ಅವನಿಗೆ ಹೊಸ ಕಂಪ್ಯೂಟರ್ ಬೇಕು. ಹೋದ ವಾರ ಎಲ್ಲರ ಮುಂದೆ, ಈ ಆನೆ ಸತ್ತರೇ ನನಗೆ ಬಿಡುಗಡೆ ಎಂದಿದ್ದ. ಅವನ ಕುರ್ಚಿಯೂ ಆನೆಯ ಪಕ್ಕದಲ್ಲೇ.

ಚಿಕ್ಕಮ್ಮ ಗಡಿಯಾರ ನೋಡಿದಳು. ಹತ್ತೂ ಮುಕ್ಕಾಲು. ಆನೆ ಕುಸಿದದ್ದು ಹತ್ತು ಹನ್ನೆರಡಕ್ಕೆ. ಕ್ಯಾಮೆರಾದವನು ಹುಟ್ಟಿದಾಗಿನಿಂದ ಹನ್ನೊಂದಕ್ಕೆ ಮುಂಚೆ ಎಲ್ಲಿಗೂ ಹೋದವನಲ್ಲ. ಅವನ ಮದುವೆಗೂ ತಡವಾಗಿ ಬಂದನೆಂದು ಅವನ ಹೆಂಡತಿಯೇ ಹೇಳುತ್ತಾಳೆ.

ಹನ್ನೊಂದು ಹೊಡೆದ ಮೇಲೆ ಅವನು ಆಕಳಿಸುತ್ತ ಒಳಗೆ ಬಂದ. ತನ್ನ ಮೇಲೆ ಸಂಶಯ ಬಂದಿತ್ತೆಂದು ತಿಳಿದು ಅವನಿಗೆ ಬೇಸರವಾಗಲಿಲ್ಲ, ತುಸು ಹೆಮ್ಮೆಯೇ ಆಯಿತು. ಅಷ್ಟೆಲ್ಲ ತಲೆ ಇದ್ದಿದ್ದರೆ ಗೊಂಬೆ ಸರಿಸುತ್ತ ಯಾಕೆ ಕೂರುತ್ತಿದ್ದೆ ಎಂದು ಕೇಳಿದ. ಗುಬ್ಬಿಗೆ ಅದು ನ್ಯಾಯವಾದ ಮಾತೇ ಅನ್ನಿಸಿತು.

ಹೊರಗಿನವರು ಯಾರಾದರೂ ನುಗ್ಗಿದರೇ ಎಂದು ಅವಳು ಆನೆಯ ದಿನಚರಿ ತೆಗೆದು ನೋಡಿದಳು. ಯಾರು ಯಾವಾಗ ಒಳಗೆ ಬಂದರೆಂದು ಅದು ತಾನೇ ಬರೆದಿಟ್ಟುಕೊಳ್ಳುತ್ತದೆ. ಅಪರಿಚಿತರ ಸುಳಿವು ಒಂದೂ ಇರಲಿಲ್ಲ. ದಿನವೂ ಕಾಣುವ ಸ್ಟುಡಿಯೋದವರ ಹೆಸರುಗಳಷ್ಟೇ ಇದ್ದವು.

* * *

ಚಿಕ್ಕಮ್ಮ ತನ್ನ ಯಂತ್ರಕ್ಕೆ ಮರಳಿದ್ದಳು. ಕರಡಿಯ ಗುಂಡಿ ಹೊಲಿದು ಮುಗಿದಿತ್ತು. ಈಗ ಪರದೆಬಟ್ಟೆಯ ಉದ್ದ ಹೊಲಿಗೆ. ಪೆಡಲನ್ನು ಪೂರ್ತಿ ಒತ್ತಿದಳು. ಸೂಜಿ ಟಕ್, ಟಕ್ ಎಂದು ಸೋಮಾರಿಯಾಗಿ ಇಳಿಯಿತು. ಇನ್ನೂ ಒತ್ತಿದಳು. ಅದೇ ಟಕ್, ಟಕ್.

ಅವಳಿಗೆ ನಗು ಬಂತು. ಯಂತ್ರದ ಮೈಮೇಲೆ ಸರಿಸುವ ಗುಂಡಿಯೊಂದಿತ್ತು. ಒಂದು ತುದಿಗೆ ಮೊಲದ ಚಿತ್ರ, ಇನ್ನೊಂದು ತುದಿಗೆ ಆಮೆ. ಸೂಕ್ಷ್ಮ ಕೆಲಸಕ್ಕೆಂದು ಆಮೆಯ ಕಡೆ ಸರಿಸಿದ್ದು ಮರೆತೇಹೋಗಿತ್ತು. ಅದನ್ನು ಮೊಲದ ಕಡೆ ತಳ್ಳಲು ಹೋದವಳು ಅರ್ಧದಲ್ಲೇ ಕೈ ನಿಲ್ಲಿಸಿದಳು.

“ಗುಬ್ಬೀ, ಇಲ್ಲಿ ಬಾ. ಈ ಪೆಡಲ್ ಒತ್ತು.”

ಗುಬ್ಬಿ ಒತ್ತಿದಳು.

“ಪೂರ್ತಿ ಒತ್ತಿದೀಯಾ?”

“ಪೂರ್ತಿ.”

“ಓಡ್ತಿಲ್ಲ ಅಲ್ವಾ? ನಿನ್ನ ಕಾಲಿಂದೇನೂ ತಪ್ಪಿಲ್ಲ. ಈ ಗುಂಡಿ ಆಮೆ ಮೇಲಿದೆ. ನಿನ್ನ ಗವರ್ನರ್ ಅಂದ್ರೆ ಈ ಕಾಲು. ನಿನ್ನ ಆನೆಗೂ ಇಂಥದೊಂದು ಗುಂಡಿ ಇದೆಯಾ?”

ಗುಬ್ಬಿ ಪೆಡಲಿನಿಂದ ಕಾಲು ತೆಗೆದಳು. ನಾಲ್ಕು ದಿನದಿಂದ ಅವಳು ನೋಡುತ್ತಿದ್ದದ್ದು ಕಾಲನ್ನು ಮಾತ್ರ. ಇದಕ್ಕಿಂತ ಹೆಚ್ಚು ಓಡಕೂಡದು ಎಂಬ ಮಿತಿ ಕರ್ನಲ್‌ನಲ್ಲಿ ಬೇರೆಯಾಗಿಯೇ ಇರುತ್ತದೆ. ಗವರ್ನರ್ ಪೂರ್ತಿ ಓಡು ಎಂದರೆ ಪ್ರೊಸೆಸರ್ ಓಡುವುದು ಆ ಮಿತಿಯವರೆಗೆ ಮಾತ್ರ. ಅವಳು ಹಾರಿ ಹೋಗಿ ಒಂದು ಸಾಲು ಟೈಪ್ ಮಾಡಿದಳು.

ಮಿತಿ: ಎಂಟುನೂರು.

ಮತ್ತೊಂದು ಸಾಲು ಬರೆದು ಅದನ್ನು ನಾಲ್ಕು ಸಾವಿರದ ಇನ್ನೂರಕ್ಕೆ ಏರಿಸಿದಳು. ಆನೆ ಒಮ್ಮೆ ಉಸಿರೆಳೆದುಕೊಂಡು ಘೀಳಿಟ್ಟಿತು. ದಾರದ ಮೇಲಿನ ಕಾಲುಚೀಲಗಳು ಪಟಪಟ ಬಡಿದುಕೊಂಡವು. ಗುಬ್ಬಿ ಯಜಮಾನರ ಕೋಣೆಯ ಕಡೆ ಓಡಹೊರಟಳು. ಚಿಕ್ಕಮ್ಮ ಅವಳ ಸೆರಗು ಹಿಡಿದು ಜಗ್ಗಿದಳು.

“ಗುಂಡಿ ಸಿಕ್ತು. ಸರಿಸಿದ ಕೈ ಸಿಗಲಿಲ್ಲವಲ್ಲ. ಆ ಕೈ ಸಿಗೋವರೆಗೆ ನೀನೇ ಮಾಡಿದ್ದು ಅಂತಾರೆ.”

ಆಮೇಲೆ ತಾನು ಬೆಳಗ್ಗೆಯಿಂದ ಯೋಚಿಸುತ್ತಿದ್ದುದನ್ನು ಹೇಳಿದಳು. ಆನೆ ಕೆಟ್ಟರೆ ಯಾರಿಗೆ ಲಾಭ ಎಂದು ಎಲ್ಲರೂ ಕೇಳುತ್ತಿದ್ದಾರೆ. ಅದು ತಪ್ಪು ಪ್ರಶ್ನೆ. ಆನೆ ಮೆತ್ತಗಿದ್ದರೆ ಯಾರಿಗೆ ಸುಖ? ಅಷ್ಟು ಹೇಳಿ, ಪಕ್ಕದ ಕೋಣೆಯ ಬಾಗಿಲ ಮೇಲಿನ ಕೆಂಪು ದೀಪ ನೋಡುತ್ತ ಕೂರಲು ಹೇಳಿದಳು.

ಆನೆಯ ಹಿಂದೆ ತೆಳು ಹಲಗೆಯ ಗೋಡೆ. ಗೋಡೆಯಾಚೆ ದನಿಮುದ್ರಣದ ಕೋಣೆ. ಮುದ್ರಣ ನಡೆಯುವಾಗ ಅದರ ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತದೆ.

ಹನ್ನೊಂದೂವರೆಗೆ ದೀಪ ಹೊತ್ತಿತು. ಪರದೆಯ ಮೇಲೆ ಗವರ್ನರ್ ‘ಪವರ್‌ಸೇವ್’ ಆಯಿತು. ವೇಗ ಎಂಟುನೂರಕ್ಕೆ ಬಿತ್ತು. ಆನೆ ಬಾಯಿ ಮುಚ್ಚಿತು. ಎರಡು ನಿಮಿಷಕ್ಕೆ ದೀಪ ಆರಿತು. ಗವರ್ನರ್ ಮತ್ತೆ ‘ಪರ್ಫಾರ್ಮೆನ್ಸ್’ ಆಯಿತು.

ವೇಗ ಮಾತ್ರ ಎಂಟುನೂರರಲ್ಲೇ ಉಳಿಯಿತು.

ಗುಬ್ಬಿ ಮೊದಲು ಮಿತಿ ಏರಿಸಿದಳು. ಆಮೇಲೆ ದಿನಚರಿ ತೆಗೆದು ಕೊನೆಯ ಸಾಲು ಓದಿದಳು. ಅಲ್ಲಿದ್ದ ಹೆಸರನ್ನು ಅವಳು ದಿನಕ್ಕೆ ಇಪ್ಪತ್ತು ಸಲ ನೋಡುತ್ತಿದ್ದಳು. ಅದಕ್ಕೇ ಕಣ್ಣಿಗೆ ಬಿದ್ದಿರಲಿಲ್ಲ.

* * *

ಯಜಮಾನರನ್ನು ಕರೆಸಿದರು. ಕ್ಯಾಮೆರಾದವನು ಕರೆಯದೆಯೇ ಬಂದು ಮುಂದಿನ ಕುರ್ಚಿ ಹಿಡಿದ. ದನಿಮುದ್ರಣದ ಕೋಣೆಯಿಂದ ಯಜಮಾನರ ಭಾಮೈದ ಕೊರಳಿಗೆ ಹೆಡ್‌ಫೋನ್ ನೇತುಹಾಕಿಕೊಂಡು ಬಂದ. ಸದ್ದಿನ ಕೆಲಸವೆಲ್ಲ ಅವನದು. ಮೃದು ಮನುಷ್ಯ. ಸೊಳ್ಳೆ ಹೊಡೆದರೂ ಅದರ ಸದ್ದಿಗೆ ತಾನೇ ಬೆಚ್ಚುವವನು.

ಚಿಕ್ಕಮ್ಮ ಸೂಜಿಯಿಂದ ಕಣ್ಣೆತ್ತದೆ ಶುರುಮಾಡಿದಳು.

“ಹೋದ ಶನಿವಾರದವರೆಗೆ ದಿನಕ್ಕೆ ಐದಾರು ಸಲ ಈ ಹಲಗೆ ಗೋಡೆ ಬಡಿಯೋ ಸದ್ದು ಬರ್ತಿತ್ತು. ಆನೆ ನಿಲ್ಸಿ, ಮುದ್ರಣ ಇದೆ ಅಂತ. ಪ್ರತೀ ಸಲಾನೂ ನನ್ನ ಹೊಲಿಗೆ ತಪ್ತಿತ್ತು. ಸೋಮವಾರದಿಂದ ಒಂದೂ ಹೊಲಿಗೆ ತಪ್ಪಿಲ್ಲ. ಯಾಕಪ್ಪಾ, ಗೋಡೆ ಬಡಿಯೋದು ಬಿಟ್ಟೆ?”

ಭಾಮೈದ ಹೆಡ್‌ಫೋನಿನ ತಂತಿಯನ್ನು ಬೆರಳಿಗೆ ಸುತ್ತಿಕೊಂಡ. ಬಿಚ್ಚಿದ. ಮತ್ತೆ ಸುತ್ತಿಕೊಂಡ.

ಉಳಿದದ್ದನ್ನು ಗುಬ್ಬಿ ಹೇಳಿದಳು. ಅವಳಿಗಿಂತ ಮುಂಚೆ ಆನೆಯನ್ನು ನೋಡಿಕೊಳ್ಳುತ್ತಿದ್ದವನು ಭಾಮೈದನೇ. ಅವನ ಹಳೆಯ ಬೀಗದ ಕೈ ಇನ್ನೂ ನಡೆಯುತ್ತಿತ್ತು. ದನಿಯ ಕಡತಗಳನ್ನು ಆನೆಗೆ ಕಳಿಸಲು ಅದೇ ಹೆಸರು ಬಳಕೆಯಲ್ಲಿದ್ದದ್ದರಿಂದ ಅವಳು ಅದನ್ನು ತೆಗೆದಿರಲಿಲ್ಲ. ಅದು ತನ್ನದೇ ತಪ್ಪೆಂದು ಒಪ್ಪಿಕೊಂಡಳು. ಮುದ್ರಣದ ಗುಂಡಿ ಒತ್ತಿದೊಡನೆ ಆನೆಯ ಗವರ್ನರನ್ನೂ ಮಿತಿಯನ್ನೂ ಇಳಿಸಿ, ಮುಗಿದೊಡನೆ ಮೊದಲಿನಂತೆ ಮಾಡುವ ಸಣ್ಣ ಪ್ರೋಗ್ರಾಮೊಂದನ್ನು ಅವನು ಬರೆದಿದ್ದ. ವೇಗ ಇಳಿದರೆ ಶಾಖ ಇಳಿಯುತ್ತದೆ, ಶಾಖ ಇಳಿದರೆ ಫ್ಯಾನು ಸುಮ್ಮನಾಗುತ್ತದೆ. ಉಪಾಯ ಚೆನ್ನಾಗಿಯೇ ಇತ್ತು. ಆದರೆ ಇಳಿಸುವಾಗ ಎರಡನ್ನೂ ಇಳಿಸಿದವನು ಏರಿಸುವಾಗ ಒಂದನ್ನೇ ಏರಿಸಿದ್ದ. ಮಿತಿ ಎಂಟುನೂರರಲ್ಲೇ ಉಳಿಯಿತು. ಆನೆಯನ್ನು ಆರಿಸಿ ಹಚ್ಚಿದರೆ ಮಿತಿ ತಾನೇ ಸರಿಹೋಗುತ್ತದೆ, ಅದಕ್ಕೇ ಬೆಳಗ್ಗೆ ಓಟ. ದಿನದ ಮೊದಲ ಮುದ್ರಣ ಹತ್ತು ಹನ್ನೆರಡಕ್ಕೆ, ಅದಕ್ಕೇ ಆಮೇಲೆ ತೆವಳಾಟ.

“ಇಲ್ಲ ಭಾವಾ, ನಾನು ನೋಡಿದೆ,” ಅಂದ ಭಾಮೈದ. “ನನ್ನಿಂದ್ಲೇ ಆಯ್ತಾ ಅಂತ ಮಂಗಳವಾರವೇ ನೋಡಿದೆ. ಪರ್ಫಾರ್ಮೆನ್ಸ್ ಅಂತಲೇ ಇತ್ತು. ಹಾಗಾದ್ರೆ ನನ್ನದಲ್ಲ ಅಂದ್ಕೊಂಡೆ.”

ಹೊಲಿಗೆ ನಿಂತಿತು.

“ನಿನ್ನದಲ್ಲ ಅಂದ್ಕೊಂಡೆ, ಸರಿ,” ಅಂದಳು ಚಿಕ್ಕಮ್ಮ. “ಇವತ್ತು ಬೆಳಗ್ಗೆ ಇವಳನ್ನ ಮನೆಗೆ ಕಳಿಸ್ತೀನಿ ಅಂದಾಗ ಇಲ್ಲೇ ನಿಂತಿದ್ಯಲ್ಲ. ನಾನೂ ಒಂದು ಪ್ರೋಗ್ರಾಮ್ ಹಾಕಿದೀನಿ, ಒಂದ್ಸಲ ನೋಡು ಅಂತ ಇವಳಿಗೆ ಹೇಳೋಕೆ ಎಷ್ಟು ಹೊತ್ತು ಬೇಕಿತ್ತು?”

ಭಾಮೈದ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ. ಆನೆಯನ್ನು ಮುಟ್ಟಬೇಡ ಎಂದು ಭಾವ ಹಿಂದೆಯೇ ಎಚ್ಚರಿಸಿದ್ದರು. ಮತ್ತೆ ಮತ್ತೆ ಗೋಡೆ ಬಡಿಯಲು ಸಂಕೋಚವಾಗುತ್ತಿತ್ತು. ತುಟಿ ಎರಡು ಮಾಡಲು ಹೆದರಿದ್ದ, ಅಷ್ಟೇ. ಅವನು ನೇರವಾಗಿ ಗುಬ್ಬಿಯ ಮುಂದೆ ಬಂದು ನಿಂತ.

“ತಪ್ಪಾಯ್ತಮ್ಮಾ. ನಿನ್ನ ಹೊಟ್ಟೆ ಮೇಲೆ ಹೊಡೀತಿದ್ದೆ. ಹೇಳಬೇಕಿತ್ತು.”

ಗುಬ್ಬಿ ಆನೆಯ ಪರದೆಯ ಕಡೆ ತಿರುಗಿದಳು. ಮಿತಿ ಏರಿಸುವ ಎರಡನೇ ಸಾಲು ಹೇಗೆ ಬರೆಯಬೇಕೆಂದು ಆಮೇಲೆ ತೋರಿಸಿಕೊಡುತ್ತೇನೆ, ಈಗ ಆರರವರೆಗೆ ಆ ಕೋಣೆಯ ಗುಂಡಿ ಯಾರೂ ಮುಟ್ಟಬೇಡಿ ಎಂದಳು.

* * *

ಯಾರೂ ಮುಟ್ಟಲಿಲ್ಲ. ಆನೆ ಆರು ಗಂಟೆಗಳ ಕಾಲ ಒಂದೇ ಸಮನೆ ಗರ್ಜಿಸಿತು. ಕ್ಯಾಮೆರಾದವನು ಕಿವಿಗೆ ಹತ್ತಿ ತುರುಕಿಕೊಂಡು ಗೊಂಬೆ ಸರಿಸಿದ. ಐದೂ ಮೂವತ್ತೈದಕ್ಕೆ ಕರಡಿ ಟೋಪಿ ಹಾಕಿಕೊಂಡು ಕುಣಿಯಿತು. ಭಾಮೈದ ಚಿತ್ರವನ್ನು ಎದೆಗವಚಿಕೊಂಡು ತಾನೇ ಗ್ರಂಥಾಲಯಕ್ಕೆ ಓಡಿದ. ಅಷ್ಟು ಜೋರಾಗಿ ಅವನು ಓಡಿದ್ದನ್ನು ಸ್ವಂತ ಅಕ್ಕನೂ ಕಂಡಿರಲಿಲ್ಲ.

ಯಜಮಾನರು ಗುಬ್ಬಿಯ ಮೇಜಿನ ಬಳಿ ಬಂದು, ಸುಮ್ಮನೆ ಒಂದು ಪೆನ್ನು ಎತ್ತಿ, ಇಟ್ಟು, ಇನ್ನೊಂದು ಎತ್ತಿದರು. ತಪ್ಪೊಪ್ಪಿಕೊಂಡು ರೂಢಿಯಿದ್ದವರಲ್ಲ. ಕೊನೆಗೆ ಇಂಥದ್ದು ಇನ್ನೊಮ್ಮೆ ಆಗದಿರಲು ಏನು ಮಾಡಬೇಕು ಎಂದು ಕೇಳಿದರು. ಈ ಸಲ ದನಿ ಮಾಮೂಲಿ ಎತ್ತರದಲ್ಲೇ ಇತ್ತು.

ಗುಬ್ಬಿ ಹಾಳೆ ತೆಗೆದು ಬರೆಯಲು ಕೂತಳು.

“ಕರ್ನಲ್ ಮುಟ್ಟೋ ಹಕ್ಕು ಇನ್ಮೇಲೆ ನನಗೆ ಮಾತ್ರ ಇರಬೇಕು ಸಾರ್. ಬೇರೆ ಯಾರಿಗೂ ಬೇಡ. ಬೇಕಾದವರು ನನ್ನನ್ನ ಕೇಳಲಿ.”

“ಯಾರಿಗೂ ಅಂದ್ರೆ… ನನಗೂನಾ?”

“ನಿಮ್ಮ ಹೆಸರೇ ಮೊದಲು ತೆಗೀತೀನಿ ಸಾರ್.”

ಯಜಮಾನರು ಚಿಕ್ಕಮ್ಮನ ಕಡೆ ನೋಡಿದರು. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ಅವರು ಪೆನ್ನು ಕೊಟ್ಟು, ಕುರ್ಚಿ ಎಳೆದುಕೊಂಡು, ಸರಿ ತೆಗಿ ಎಂದರು.