ಮುಂದಕ್ಕೆ ಸರಿದ ಸೀಟು

ನಮ್ಮಕ್ಕ ಕುಳ್ಳಿ. ಸೀಟನ್ನು ಪೂರ್ತಿ ಮುಂದಕ್ಕೆಳೆದು, ಸ್ಟೀರಿಂಗನ್ನು ತಬ್ಬಿಕೊಂಡಂತೆ ಕಾರು ಓಡಿಸುತ್ತಿದ್ದಳು. ಒಂದು ತಿರುವಿನಲ್ಲಿ ಕಾರು ಉರುಳಿ ತೀರಿಕೊಂಡಳು. ಅವಳು ಬ್ರೇಕ್ ಒತ್ತಲೇ ಇಲ್ಲವೆಂದು ಷರಾ ಬರೆದು ತನಿಖೆಯವರು ಕೈತೊಳೆದುಕೊಂಡರು. ನಾನು ನಂಬಲಿಲ್ಲ.

ನಮ್ಮ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ನಿಂತಲ್ಲೇ ಓಡುವ ಕಾರಿದೆ. ಸೀಟು, ಸ್ಟೀರಿಂಗ್, ಪೆಡಲ್ ಎಲ್ಲ ನಿಜ. ರಸ್ತೆ ಮಾತ್ರ ಪರದೆಯ ಮೇಲೆ. ಅದರಲ್ಲಿ ನಾನು ಆ ತಿರುವನ್ನೇ ಕಟ್ಟಿದೆ.

ಮಟಮಟ ಮಧ್ಯಾಹ್ನ. ತನಿಖೆಯವರು ಬರೆದಂತೆಯೇ ಬ್ರೇಕ್ ಮುಟ್ಟದೆ ಓಡಿಸಿದೆ. ತಿರುವು ಕಂಡ ಕೂಡಲೇ, ನನ್ನ ಕಾಲು ತಗುಲದೆಯೇ, ಬ್ರೇಕ್ ಪೆಡಲ್ ಕೆಳಗಿಳಿಯಿತು.

"ಪೆಡಲಿಗೆ ಬಿಗಿ ಕೊಡೋ ಮೋಟಾರ್ ಕೆಟ್ಟಿರ್ಬೇಕು, ವೈರ್ ಕಿತ್ತುಬಿಡ್ತೀನಿ" ಎಂದು ಪಕ್ಕದಲ್ಲಿದ್ದ ಟೆಕ್ನಿಷಿಯನ್ ಕಿತ್ತೇಬಿಟ್ಟರು.

ಮತ್ತೆ ಓಡಿಸಿದೆ. ಮತ್ತೆ ಇಳಿಯಿತು, ಈ ಸಲ ನೆಲ ಮುಟ್ಟುವವರೆಗೆ. ಬಗ್ಗಿ ಮುಟ್ಟಿದೆ. ಎಸಿಯ ಚಳಿಯಲ್ಲೂ ಪೆಡಲಿನ ರಬ್ಬರ್ ಬೆಚ್ಚಗಿತ್ತು.

"ಸಾಕು ಬಿಡಿ ಮೇಡಂ, ಯಾಕೋ ಸರಿ ಕಾಣ್ತಿಲ್ಲ."

"ನೀವು ಬೇಕಾದ್ರೆ ಹೋಗಿ. ತಿಳ್ಕೊಳ್ಳದೆ ನಾನಂತೂ ಏಳಲ್ಲ."

ಇನ್ನೊಮ್ಮೆ ಓಡಿಸಲು ನೆಟ್ಟಗೆ ಕೂತೆ. ಮೊಣಕಾಲು ಸ್ಟೀರಿಂಗಿಗೆ ಬಡಿಯಿತು. ನನ್ನವು ಉದ್ದ ಕಾಲು. ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಲಾಕ್ ಹಾಕಿಯೇ ಕೂತಿದ್ದೆ.

ತಡವಿ ನೋಡಿದೆ. ಲಾಕ್ ಹಾಕಿಯೇ ಇತ್ತು.